ನಂಜಣ್ಣನ ಕೈದಾರ

ನಾಳೆ ಬೆಳಗ್ಗೆ ನಂಜಣ್ಣನ ಎದೆ ಬಗೆದು ಬೈಪಾಸ್ ಆಪರೇಷನ್. ಹುಣಸೂರು ಕಡೆಯಿಂದ ಮೈಸೂರಿನ ಆಸ್ಪತ್ರೆಗೆ ಬಂದು ಎಂಟು ದಿನವಾಗಿತ್ತು. ಡಾಕ್ಟರ್ ಸರ್ವಮಂಗಳ ಮಂಚದ ಪಕ್ಕ ನಿಂತು ಕೇಳಿದರು: "ಯಾವಾಗಲಾದರೂ ಕೈಯೋ ಕಾಲೋ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡಿತ್ತಾ? ಮಾತು ತೊದಲಿತ್ತಾ?"

"ಇಲ್ಲ ಕಣವ್ವ, ಗಟ್ಟಿಯಾಗಿವ್ನಿ," ಎಂದು ನಂಜಣ್ಣ ಬಲಗೈಯನ್ನು ಕಂಬಳಿಯೊಳಗೆ ಎಳೆದುಕೊಂಡ. ಎರಡು ಹೆಜ್ಜೆ ಇಟ್ಟರೆ ಎದೆ ಹಿಡಿದುಕೊಳ್ಳುವವನ ಗಟ್ಟಿತನ ನೋಡಬೇಕಿತ್ತು!

ಆ ಕೈಯಲ್ಲಿ ಅರಿಸಿನದ ದಾರವಿದ್ದದ್ದು ಹೆಂಡತಿ ಮಾಯಮ್ಮನಿಗೆ ಗೊತ್ತು. ಶ್ರಾವಣದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟುವಾಗ ಅದೇ ಕೈ ಸತ್ತಂತೆ ಜೋತುಬಿದ್ದಿತ್ತು; ನಾಲಿಗೆ ಹೊರಳಿರಲಿಲ್ಲ. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಗಾಳಿ ಸೋಕಿದೆ ಎಂದು ಪಕ್ಕದ ಮನೆಯ ಚಿಕ್ಕಸಿದ್ದಮ್ಮ ದಾರ ಕಟ್ಟಿ, "ಇದು ತಾನಾಗಿ ಸವೆದು ಬೀಳೋಗಂಟ ಈ ಸುದ್ದಿ ಎತ್ಬ್ಯಾಡಿ. ಎತ್ತಿದ್ರೆ ಮತ್ತೆ ಬತ್ತದೆ," ಎಂದಿದ್ದಳು. ಊರಲ್ಲಿ ಯಾರೂ ಮೀರದ ಮಾತು. ದಾರವೋ, ಹಾಳಾದ್ದು, ಇನ್ನೂ ಒಂದೆಳೆಯೂ ಸವೆದಿರಲಿಲ್ಲ.

ಮಾಯಮ್ಮ ಡಾಕ್ಟರ ಹಿಂದೆ ವರಾಂಡಕ್ಕೆ ಓಡಿದಳು. "ಅದ್ಯಾಕವ್ವ ಅಂಗೆ ಕೇಳಿದ್ದು?"

"ತಲೆಗೆ ರಕ್ತ ಒಯ್ಯುವ ಕತ್ತಿನ ನಾಳ ಕಿರಿದಾಗಿದ್ದರೆ, ಹೃದಯದ ಆಪರೇಷನ್ ಹೊತ್ತಲ್ಲಿ ಲಕ್ವ ಹೊಡೆಯಬಹುದಮ್ಮ. ಮಾತೇ ಹೋಗಬಹುದು. ಗೊತ್ತಾದರೆ ಮೊದಲೇ ಸ್ಕ್ಯಾನ್ ಮಾಡುತ್ತೇವೆ."

ಹೇಳಿದರೆ ಗಾಳಿ, ಹೇಳದಿದ್ದರೆ ಲಕ್ವ. ಎತ್ತ ಹೋದರೂ ಗಂಡನೇ ಕೈತಪ್ಪುವ ದಾರಿ. ಒಳಗೆ ಬಂದವಳೇ ಅವನ ಕೈ ಸೆಳೆದು, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು ತನ್ನ ಕೈಗೆ ಸುತ್ತಿಕೊಂಡಳು.

"ಬರೋದಿದ್ರೆ ನಂಗೇ ಬರ್ಲಿ," ಎಂದು ಹೊರಗೋಡಿ ಶ್ರಾವಣದ ಸಂಗತಿಯನ್ನೆಲ್ಲ ಡಾಕ್ಟರಿಗೆ ಹೇಳಿಬಿಟ್ಟಳು.

ಸಂಜೆ ಸ್ಕ್ಯಾನ್ ಆಯಿತು. ಕತ್ತಿನ ಎಡಗಡೆಯ ನಾಳ ಮುಕ್ಕಾಲಿಗೂ ಹೆಚ್ಚು ಮುಚ್ಚಿತ್ತು. ನಾಳೆ ಬೆಳಗಿನ ಆಪರೇಷನ್ ನಿಂತಿತು. ಮೊದಲು ಕತ್ತಿನದಾಗಬೇಕು ಎಂದರು. ಅಲ್ಲಿಯವರೆಗೆ ಹೃದಯ ತಡೆದೀತೇ ಎಂದು ಕೇಳಿದರೆ ಡಾಕ್ಟರು ಇನ್ನೊಮ್ಮೆ ನಂಜಣ್ಣನ ನಾಡಿ ಹಿಡಿದು ನೋಡಿದರು.

ನಂಜಣ್ಣ ಗೋಡೆ ಕಡೆ ತಿರುಗಿ ಮಲಗಿದ. ಎಷ್ಟು ಕರೆದರೂ ಮಾತಿಲ್ಲ. ಸಿಟ್ಟೋ, ನಾಲಿಗೆಯೇ ಬಿದ್ದುಹೋಯಿತೋ? ಮಾಯಮ್ಮ ಅವನ ಭುಜ ಹಿಡಿದು ಅಲುಗಿಸಿದಳು.

"ಬೈರಿ! ಒಂದ್ಸಲ ಬೈದ್ ಬುಡಿ, ನಿಮ್ ದಮ್ಮಯ್ಯ!"

"ಬಾಯ್ ಮುಚ್ಕೊಂಡಿರಕಾಗ್ನಿಲ್ವೇನೇ ನಿಂಗೆ, ಹಾಳಾದೋಳೆ!"

ಒಂದಕ್ಷರವೂ ತೊದಲಿರಲಿಲ್ಲ. ಮಾಯಮ್ಮ ಮಂಚದ ಕಂಬಿ ಹಿಡಿದು ಕುಸಿದು ಕೂತು ಗೊಳೋ ಎಂದು ಅತ್ತಳು.

"ಇನ್ನೊಂದ್ಸಲ ಬೈರಿ," ಎಂದಳು.