ಕಂಟ್ರೋಲಲ್ಲಿರುವ ಮಗು

"ಹೇಲು ಬಟ್ಟೆ ಇಲ್ಲಿಗ್ಯಾಕೆ ಹೊತ್ಕಂಡು ಬಂದ್ಯೇ, ದರಿದ್ರ ಮುಂಡೆ? ಇದೇನು ನಿಮ್ಮ ಕೇರಿ ಮೋರಿ ಅಂದ್ಕಂಡ್ಯಾ?"

ಆಸ್ಪತ್ರೆಯ ಬಾಗಿಲು ಕಾಯುವ ಸುದರ್ಶನ, ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಕಲ್ಲಮ್ಮನ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಕೋಲಿನಿಂದ ತಿವಿದ. ಸಾಲಿನಲ್ಲಿ ಕೂತಿದ್ದ ತಾಯಂದಿರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕಲ್ಲಮ್ಮ ಚೀಲ ಬಿಡಲಿಲ್ಲ. ಮಗು ಕಕ್ಕ ಮಾಡಿದಾಗ ಬಣ್ಣ ನೋಡಿ ಬಂದು ಹೇಳು ಎಂದಿದ್ದವರು ಡಾಕ್ಟರೇ. ಬಾಯಲ್ಲಿ ಹೇಳಿದರೆ ನಂಬುತ್ತಾರೋ ಇಲ್ಲವೋ ಎಂದು ಬಟ್ಟೆಯನ್ನೇ ಕಟ್ಟಿಕೊಂಡು ಭದ್ರಾವತಿಯಲ್ಲಿ ಬಸ್ಸು ಹತ್ತಿದ್ದಳು. ಕಕ್ಕ ಸುಣ್ಣ ಕಲಸಿದ ಹಾಗೆ ಬೆಳ್ಳಗಿತ್ತು.

ಮಗಳು ಭೂಮಿಕಾ ಹುಟ್ಟಿದ ಸ್ವಲ್ಪ ದಿನಕ್ಕೇ ಕಣ್ಣು ಹಳದಿಯಾಗಿತ್ತು. ಪಿತ್ತ ಹರಿಯುವ ದಾರಿ ಕಟ್ಟಿದೆ ಎಂದು ಶಿವಮೊಗ್ಗದ ಈ ಖಾಸಗಿ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದಿದ್ದರು. ಆಮೇಲೆ ಡಾಕ್ಟರ್ ಜ್ಞಾನೇಶ್, ಹೊಸ ಔಷಧಿ ಬಂದಿದೆ ಎಂದು ಮಗುವನ್ನು ಅದನ್ನು ಪರೀಕ್ಷಿಸುವ ಒಂದು ಸ್ಟಡಿಗೆ ಸೇರಿಸಿಕೊಂಡರು. ಮುಂದಿನ ಸಲ ಹೋದಾಗ ಅವರು ಕಿರಿಯ ಡಾಕ್ಟರ್ ರಶ್ಮಿಗೆ, ಈ ಮಗು ಕಂಟ್ರೋಲಲ್ಲಿದೆ ಎಂದದ್ದು ಕಲ್ಲಮ್ಮನ ಕಿವಿಗೆ ಬಿತ್ತು. ಕಂಟ್ರೋಲಿಗೆ ಬಂತಾ ಸಾರ್ ಎಂದು ಕೇಳಿದಳು. ಜ್ಞಾನೇಶ್ ನಕ್ಕು, ಹೌದೆಂಬಂತೆ ತಲೆಯಾಡಿಸಿದರು.

ಮನೆಯಿರುವ ಜನ್ನಾಪುರಕ್ಕೆ ಬಂದು, ಕಾಯಿಲೆ ಕಂಟ್ರೋಲಿಗೆ ಬಂತು ಎಂದು ಮನೆಮನೆಗೂ ಹೇಳಿದಳು. ಬೆಂಗಳೂರಿಗೆ ಕರೆದೊಯ್ಯೋಣ ಎನ್ನುತ್ತಿದ್ದ ಗಂಡ ಮುರುಗೇಶಪ್ಪನನ್ನು ಬೈದು ಸುಮ್ಮನಾಗಿಸಿದಳು. ಆಸ್ಪತ್ರೆಯವರು ಕೊಟ್ಟ ಕೆಂಪು ಹನಿಯನ್ನು ಒಂದು ಹೊತ್ತೂ ತಪ್ಪಿಸದೆ, ತೀರ್ಥದ ಹಾಗೆ ಮಗುವಿನ ನಾಲಿಗೆಗೆ ಬಿಟ್ಟಳು.

ಈಗ ಒಳಗೆ ರಶ್ಮಿ, ರಕ್ತ ತೆಗೆಯಲು ಮಗುವಿನ ತೋಳಿಗೆ ರಬ್ಬರ್ ಕಟ್ಟುತ್ತಿದ್ದರು. ಕಲ್ಲಮ್ಮ ಬಟ್ಟೆ ಬಿಚ್ಚಿ ತೋರಿಸಿ, ಕಕ್ಕ ಮತ್ತೆ ಬೆಳ್ಳಗಾಗಿದೆ, ಕಂಟ್ರೋಲಿಗೆ ಬಂದಿದ್ದ ಕಾಯಿಲೆ ಯಾಕೆ ತಿರುಗಿತು ಎಂದು ಕೇಳಿದಳು.

ರಶ್ಮಿಯ ಕೈ ನಿಂತಿತು.

"ಅಯ್ಯೋ ಮಾರಾಯ್ತಿ, ಕಂಟ್ರೋಲ್ ಅಂದ್ರೆ ಅದಲ್ಲ. ಹೊಸ ಔಷಧಿ ಕೊಡದೆ ನೋಡ್ತೀವಲ್ಲ, ಆ ಮಕ್ಕಳಿಗೆ ಹಂಗಂತೀವಿ."

"ಮತ್ತೆ ಕೆಂಪು ಹನಿ?"

"ಬರೀ ವಿಟಮಿನ್ನು."

ಜ್ಞಾನೇಶ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಎಲ್ಲರಿಗೂ ಕೊಟ್ಟರೆ ಔಷಧಿ ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಹೇಗೆ, ಸೈನ್ ಹಾಕಿಸಿಕೊಳ್ಳುವಾಗಲೇ ಎಲ್ಲ ಓದಿ ಹೇಳಿದ್ದೇವೆ ಎಂದರು.

"ನಿನ್ನ ಮಗೂನಿಂದ ಮುಂದೆ ಸಾವಿರಾರು ಮಕ್ಕಳು ಬದುಕ್ತವೆ. ಪುಣ್ಯ ಅಂದ್ಕೋ."

"ನಾನು ಕೇಳ್ದಾಗ ತಲೆ ಆಡ್ಸಿದ್ರಲ್ಲ ಸಾರ್?"

ಜ್ಞಾನೇಶ್ ಟೈಪ್ ಮಾಡುತ್ತಲೇ ಇದ್ದರು. ಆ ಹೊಸ ಔಷಧಿಯನ್ನು ಇವತ್ತಿನಿಂದಲಾದರೂ ಕೊಡಿ ಎಂದು ಅವಳು ಕೈಮುಗಿದಳು. ಮಧ್ಯದಲ್ಲಿ ಬದಲಾಯಿಸಿದರೆ ಸ್ಟಡಿ ಕೆಡುತ್ತದೆ ಎಂದು ಅವರು ರಶ್ಮಿಗೆ ಸೂಜಿ ಚುಚ್ಚಲು ಸನ್ನೆ ಮಾಡಿದರು.

"ನನ್ನ ಮಗಳು ಸತ್ರೂ ಸೈ, ನಿಮ್ಮ ಸ್ಟಡಿ ಕೆಡಬಾರ್ದು. ನಿಮ್ಮನೆ ಕೂಸನ್ನ ಮಲಗಿಸ್ತೀರೇನ್ರೋ ಈ ಟೇಬಲ್ ಮೇಲೆ, ಕಳ್ಳ ನನ್ಮಕ್ಳಾ?"

ರಬ್ಬರನ್ನು ಕಿತ್ತೆಸೆದು, ಮಗುವನ್ನು ಎತ್ತಿಕೊಂಡು ಬಂದು ಹೊಸ್ತಿಲಿಗೆ ಅಡ್ಡ ಕೂತಳು. ಸುದರ್ಶನ ರಟ್ಟೆ ಹಿಡಿದು ಎಳೆದ. ಅವಳು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು, ಒಳಗೆ ಕೇಳಿದ್ದನ್ನು ಸಾಲಿನವರಿಗೆ ಹೇಳಿದಳು. ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮತ್ತೆ ಮೊದಲಿನಿಂದ ಹೇಳಿದಳು.

ಒಳಗಿನಿಂದ ಗಾಜನೂರಿನ ಮಗುವಿನ ಹೆಸರು ಕೂಗಿದರು. ಅದರ ತಾಯಿ ಸಾವಿತ್ರಮ್ಮ ಎದ್ದು ಹೊಸ್ತಿಲವರೆಗೆ ಬಂದಳು. ತನ್ನ ಮಗುವಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದಳು. ಕಣ್ಣು ಇನ್ನೂ ಹಳದಿಯಾಗಿಯೇ ಇತ್ತು.

"ಸ್ವಲ್ಪ ಸರ್ಕೊಳೇ" ಎಂದಳು.

ಕಲ್ಲಮ್ಮ ಅಲುಗಾಡಲಿಲ್ಲ. ಸಾವಿತ್ರಮ್ಮ ಇದ್ದಷ್ಟೇ ಜಾಗದಲ್ಲಿ ಒತ್ತಿಕೊಂಡು ಅವಳ ಪಕ್ಕ ಕೂತಳು. ಒಳಗಿನಿಂದ ಅದೇ ಹೆಸರನ್ನು ಇನ್ನೊಮ್ಮೆ ಕೂಗಿದರು.