ಬಾಗಿಲ ಪಟ

ಪಟ ಒಳ್ಳೆಯದೋ ಕೆಟ್ಟದ್ದೋ ಮಾದಪ್ಪನಿಗೆ ಗೊತ್ತಾಗುತ್ತಿದ್ದದ್ದು ಕಣ್ಣಿನಿಂದಲ್ಲ, ಬಲಭುಜದಿಂದ. ಸುಬ್ಬರಾಯಪ್ಪನವರ ಡೇರೆ ಸಿನಿಮಾದಲ್ಲಿ ಒಂಬತ್ತು ವರ್ಷ ಯಂತ್ರದ ಹಿಡಿ ತಿರುವಿದವನು ಅವನು. ಕೊಳತ್ತೂರಿನ ಸಂತೆ, ನಲ್ಲಂಪಳ್ಳಿಯ ಬಯಲು, ಮೆಟ್ಟೂರಿನ ಕೂಲಿಗಳ ಗುಡಿಸಲು ಸಾಲು, ಎಲ್ಲಿ ಡೇರೆ ಎದ್ದರೂ ಅವನ ಕೈ ನಿಂತರೆ ದೇವರೂ ನಿಲ್ಲಬೇಕು, ರಾಕ್ಷಸನೂ ನಿಲ್ಲಬೇಕು. ಗಾಣದ ಎತ್ತಿಗಾದರೂ ನಡುವೆ ಹುಲ್ಲು ಹಾಕುತ್ತಾರೆ. ಇವನಿಗೆ ರೀಲು ಬದಲಾಯಿಸುವಷ್ಟೇ ಬಿಡುವು. ಈಗೀಗ ಆ ಭುಜ ತಲೆಗೆ ರುಮಾಲು ಸುತ್ತುವುದಕ್ಕೂ ಮೇಲೇಳುತ್ತಿರಲಿಲ್ಲ. ಹೆಂಡತಿ ಮುನಿರತ್ನಮ್ಮ ದಿನಾ ಹರಳೆಣ್ಣೆ ಕಾಯಿಸಿ ತಿಕ್ಕುತ್ತಿದ್ದಳು, ತಿಕ್ಕುವಷ್ಟು ಹೊತ್ತೂ ಸುಬ್ಬರಾಯಪ್ಪನವರನ್ನು ಬೈಯುತ್ತಿದ್ದಳು.

ಮೂವತ್ತಾರನೆಯ ಇಸವಿಯಲ್ಲಿ ಸುಬ್ಬರಾಯಪ್ಪ ಮಾತಾಡುವ ಪಟದ ಯಂತ್ರ ತರಿಸಿದರು. ಅದು ಮೋಟಾರಿನದು, ತಿರುವಲು ಯಾರೂ ಬೇಡ. ಹಳೆಯ ಮೂಕ ಪಟಗಳನ್ನೆಲ್ಲ ಗುಜರಿಗೆ ಹಾಕಿ, ಒಂದನ್ನು ಮಾತ್ರ ಉಳಿಸಿ ಕೈಯಂತ್ರದ ಜೊತೆ ಸಣ್ಣ ಹಳ್ಳಿಗಳಿಗೆ ಕಳಿಸೋಣ ಎಂದುಕೊಂಡು, ಮೆಟ್ಟೂರಿನಲ್ಲಿ ಡೇರೆ ಹಾಕಿದ್ದಾಗ ಒಂದು ಮಧ್ಯಾಹ್ನ ಮಾದಪ್ಪನನ್ನು ಕರೆದರು.

“ಲೇ ಮಾದ, ಎಲ್ಲಾನೂ ನೋಡಿರೋನು ನೀನು. ಯಾವ್ದು ಉಳಿಸ್ಲಿ, ಏಳ್ಲಾ.”

ಒಂಬತ್ತು ವರ್ಷದಲ್ಲಿ ಯಾರೂ ಅವನ ಅಭಿಪ್ರಾಯ ಕೇಳಿರಲಿಲ್ಲ. ಅವನು ಪಟದ ಡಬ್ಬಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

“ರಾಕ್ಷಸನ ಪಟ ಬ್ಯಾಡ ಸಾಮಿ. ಆ ನನ್ಮಗ ಸಾಯಕ್ಕೆ ಎರಡು ರೀಲು ತಕಂತಾನೆ. ಅವ್ನು ಬೀಳೋದ್ರೊಳಗೆ ನಾನೇ ಬಿದ್ದೋಗ್ತೀನಿ.”

“ಕುದುರೆ ಪಟ? ದೊರೆಗಳ ದೇಶದ್ದು, ಜನ ಸೀಟಿ ಒಡೀತಾರೆ.”

“ಅದ್ರಾಗೆ ಓಡೋದು ಕುದುರೆ ಅಲ್ಲ ಸಾಮಿ, ನನ್ನ ಕೈ. ಕತೆ ಎಲ್ಲೈತೆ? ಬರೀ ಧೂಳು.”

“ಸಂತರ ಪಟ?”

“ಒಳ್ಳೇದೇ. ಆದ್ರೆ ಅಷ್ಟೊಂದು ಒಳ್ಳೇವ್ರನ್ನ ನೋಡ್ತಿದ್ರೆ ನಿದ್ದೆ ಬತ್ತದೆ.”

“ಸೇಲಂನಾಗೆ ಮಾತಾಡೋ ಪಟ ನೋಡಿದ್ಯಲ್ಲ, ಅದೆಂಗಿತ್ತು?”

“ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಆವು ಕಚ್ಚಿದ್ರೂ ಒಂದು ಹಾಡು, ಊಟಕ್ಕೆ ಕರೆದ್ರೂ ಒಂದು ಹಾಡು.”

ಸುಬ್ಬರಾಯಪ್ಪ ನಕ್ಕರು. “ಅಂಗಾದ್ರೆ ಎಲ್ಲಾ ಗುಜ್ರಿಗೇನಾ?”

ಮಾದಪ್ಪ ಕೊನೆಯ ಡಬ್ಬದ ಮೇಲೆ ಕೈಯಿಟ್ಟ. “ಬಾಗಿಲ ಪಟ ಉಳಿಸಿ ಸಾಮಿ. ಇದಕ್ಕೆ ಸಮ ಇನ್ನೊಂದಿಲ್ಲ.”

ಆ ಪಟ ಒಂದೇ ರೀಲಿನದು, ಅದರಲ್ಲಿ ಹೆಚ್ಚೇನೂ ಇರಲಿಲ್ಲ. ದಂಡಿಗೆ ಹೋದ ಮಗನಿಗಾಗಿ ತಾಯಿ ಮೂರು ಸಲ ಬಾಗಿಲಿಗೆ ಬರುತ್ತಾಳೆ. ಮೂರನೆಯ ಸಲ ಬಾಗಿಲು ಮುಚ್ಚದೆ ಒಳಗೆ ಹೋಗುತ್ತಾಳೆ. ಆದರೆ ಆ ಹೊತ್ತಿಗೆ ಡೇರೆಯಲ್ಲಿ ಬೀಡಿ ಸೇದುವವರು ಬೀಡಿ ಮರೆಯುತ್ತಿದ್ದರು. ಹೆಂಗಸರ ಕಡೆ ಮೂಗು ಒರೆಸುವ ಸದ್ದಾಗುತ್ತಿತ್ತು. ಮಾದಪ್ಪನ ಕೈಯೂ ತಾನಾಗಿ ನಿಧಾನವಾಗುತ್ತಿತ್ತು. ಸುರುಳಿ ದೀಪದ ಮುಂದೆ ತಡೆದು, ಸುಟ್ಟ ವಾಸನೆ ಬಂದು, ಒಂದೆರಡು ಸಲ ಬೈಗುಳವನ್ನೂ ತಿಂದಿದ್ದ. ಭುಜ ನೋಯಿಸದ ಪಟ ಅದೊಂದೇ.

“ನೋಡೇಬಿಡಾಣ,” ಎಂದರು ಸುಬ್ಬರಾಯಪ್ಪ. “ಇವತ್ತು ಹೊಸ ಯಂತ್ರದಾಗೆ ಮೊದ್ಲು ಇದನ್ನೇ ಆಕ್ತೀನಿ. ಜನ ಅತ್ರೆ ಪಟಾನೂ ಉಳೀತದೆ, ಕೈಯಂತ್ರಾನೂ ಉಳೀತದೆ, ನೀನೂ ಉಳೀತೀಯ.”

ದೀಪ ಹಚ್ಚುವ ಹೊತ್ತಿಗೆ ಡೇರೆ ತುಂಬಿತ್ತು. ಮಾದಪ್ಪ ಮೊದಲ ಸಲ ಜನರ ನಡುವೆ ಮರಳಿನ ಮೇಲೆ ಕೂತ. ಹಗ್ಗದ ಆಚೆ, ಹೆಂಗಸರ ನಡುವೆ, ಮುನಿರತ್ನಮ್ಮ ಅಳುವುದಕ್ಕೆ ಸೆರಗು ಸರಿಮಾಡಿಕೊಂಡು ಕೂತಿದ್ದಳು.

ಮೋಟಾರು ಗುರ್ ಎಂದು ಮಾದಪ್ಪನ ಕೈಗಿಂತ ಎಷ್ಟೋ ಬೇಗ ತಿರುಗಿತು. ತಾಯಿ ಬಂದಳು. ಬಂದವಳು ಕತ್ತು ಹೊರಗೆ ಹಾಕಿದಳು, ಎಳೆದುಕೊಂಡಳು, ಓಡಿದಳು. ಯಾರೋ ಕಿಸಕ್ಕೆಂದರು. ಎರಡನೆಯ ಸಲ ಇನ್ನಷ್ಟು ಜನ ನಕ್ಕರು. ಮೂರನೆಯ ಸಲ ಅವಳು ಬಾಗಿಲಿಗೆ ಧಾವಿಸಿ, ಗಿರ್ರನೆ ತಿರುಗಿ, ಪುಟಪುಟನೆ ಒಳಗೆ ನುಗ್ಗಿದಾಗ, “ಆಲು ಉಕ್ತು ಕಣಮ್ಮೋ!” ಎಂದು ಒಬ್ಬ ಕೂಗಿದ. ಡೇರೆಗೆ ಡೇರೆಯೇ ಹೊಟ್ಟೆ ಹಿಡಿದುಕೊಂಡಿತು. ಮಾದಪ್ಪ ಹಗ್ಗದಾಚೆ ನೋಡಿದ. ಮುನಿರತ್ನಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಹೆತ್ತ ತಾಯಿಯನ್ನೇ ಸಂತೆಯಲ್ಲಿ ಓಡಿಸಿ ನಕ್ಕಂತೆ ಅವನಿಗೆ ನಾಚಿಕೆಯಾಯಿತು. ಆ ತಾಯಿ ಬಾಗಿಲಲ್ಲಿ ನಿಂತು ಕಾದದ್ದು ಪಟದಲ್ಲಿ ಎಲ್ಲೂ ಇರಲಿಲ್ಲ. ಅಷ್ಟು ವರ್ಷ ಅವಳನ್ನು ಅಲ್ಲಿ ನಿಲ್ಲಿಸಿದ್ದು ತನ್ನ ಕೈ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆಟ ಮುಗಿದಾಗ ಸುಬ್ಬರಾಯಪ್ಪ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು. “ನೀನು ಏಳಿದ್ದೇ ಸರಿ ಕಣ್ಲಾ ಮಾದ! ಎಂಥಾ ನಗೆ ಪಟ! ಇನ್ಮೇಲೆ ದಿನಾ ಮೋಟಾರಿನಾಗೆ ಮೊದ್ಲು ಇದೇ. ಹಳ್ಳಿ ತಿರುಗಾಟ ಬ್ಯಾಡ, ಕೈಯಂತ್ರ ಗುಜ್ರಿಗೆ ಓಗ್ಲಿ.”

“ಪಟಾನೂ ಆಕ್ಬಿಡಿ ಸಾಮಿ.”

“ಏನ್ಲಾ? ಮಧ್ಯಾಹ್ನ ಇದಕ್ಕೆ ಸಮ ಇಲ್ಲ ಅಂದೆ?”

“ಅಂದೆ. ಆ ಪಟ ಬ್ಯಾರೆ. ಇದನ್ನ ನಾನು ನೋಡಿರ್ನಿಲ್ಲ.”

ಅವರಿಗೆ ಅರ್ಥವಾಗಲಿಲ್ಲ. ಪಾಪ ದಣಿದಿದ್ದಾನೆ ಎಂದು ಎಲೆಅಡಿಕೆ ಕೊಟ್ಟು ಕಳಿಸಿದರು.

ದಾರಿಯಲ್ಲಿ ಮುನಿರತ್ನಮ್ಮ ಅವನಿಗಿಂತ ಒಂದು ಹೆಜ್ಜೆ ಹಿಂದೆ ನಡೆದಳು. ತಾನು ನಕ್ಕದ್ದನ್ನು ಅವನು ನೋಡಿದ ಎಂದು ಅವಳಿಗೆ ಗೊತ್ತಿತ್ತು.

“ಇವತ್ತು ಎಣ್ಣೆ ಬ್ಯಾಡ ಅಲ್ವಾ?” ಎಂದಳು. “ತಿರುವ್ಲಿಲ್ವಲ್ಲ.”

“ಕಾಯ್ಸು,” ಎಂದ ಮಾದಪ್ಪ. “ಬಾಳ ನೋಯ್ತೈತೆ.”