ಐತೋ ಇಲ್ಲೋ

"ಐತಿ ಅಂತ ಬಂದಿಲ್ಲಲ್ಲ? ಹಂಗಾರ ಇಲ್ಲ ಅಂತ ಬರಿ ಮತ್ತ," ಎಂದಳು ದ್ಯಾಮಕ್ಕ, ಆಸ್ಪತ್ರೆಯ ಲ್ಯಾಬಿನ ಕಿಟಕಿಗೆ ಮುಖ ಒತ್ತಿ.

"ಇಲ್ಲ ಅಂತಾನೂ ಬಂದಿಲ್ಲಮ್ಮಾ. ಗೊತ್ತಾಗವಲ್ದು ಅಂತ ಬಂದೈತಿ," ಎಂದಳು ಒಳಗಿದ್ದ ಲ್ಯಾಬ್ ಟೆಕ್ನಿಷಿಯನ್ ಅಮೃತಾ.

"ಗೊತ್ತಾಗವಲ್ದು ಅನ್ನಾಕ ಅಷ್ಟು ದೊಡ್ಡ ಮಷೀನು ಯಾಕ ಬೇಕು? ಅದನ್ನ ನಾನ ಹೇಳತಿದ್ನೆಲ್ಲ!"

ಅಮೃತಾಳಿಗೆ ಮಾಸ್ಕಿನೊಳಗೇ ನಗು ಬಂತು. ಕೊಟ್ಟೂರಿನ ಈ ಹುಡುಗಿ ಕೊರೊನಾ ಪರೀಕ್ಷೆ ಮಾಡಿ ಮಾಡಿ ಸಾಕಾಗಿದ್ದಳು. ಪಾಸಿಟಿವ್ ಎಂದರೆ ಜನ ಅಳುತ್ತಿದ್ದರು, ನೆಗೆಟಿವ್ ಎಂದರೆ ಕೈ ಮುಗಿಯುತ್ತಿದ್ದರು. ಎರಡೂ ಅಲ್ಲ ಎಂದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಮತ್ತೊಮ್ಮೆ ಗಂಟಲ ದ್ರವ ತೆಗೆ, ಮತ್ತೊಮ್ಮೆ ಯಂತ್ರಕ್ಕೆ ಹಾಕು ಎಂಬುದಷ್ಟೇ ನಿಯಮ. ದ್ಯಾಮಕ್ಕನಿಗೆ ಅದೂ ಆಗಿ, ಎರಡನೇ ಸಲವೂ ಯಂತ್ರ ಅದೇ ರಾಗ ಹಾಡಿತ್ತು.

ಹಿರೇಹಡಗಲಿಯ ದ್ಯಾಮಕ್ಕನ ಮಗಳು ಗೀತಾ ಹಿಂದಿನ ದಿನ ಇಲ್ಲೇ ಹೆತ್ತಿದ್ದಳು. ಚೊಚ್ಚಲು. ತಿಂಗಳು ತುಂಬುವ ಮೊದಲೇ ಹುಟ್ಟಿದ ಬಡಕಲು ಕೂಸು, ಮೊಲೆ ಹಿಡಿಯಲೊಲ್ಲದು. ಅಳಿಯ ಬೋರ್‌ವೆಲ್ ಲಾರಿಯ ಜೊತೆ ಆಂಧ್ರದಲ್ಲಿದ್ದ. ಬಾಣಂತಿಯ ಪಕ್ಕ ಕೂರಲು ಇದ್ದವಳು ತಾಯಿ ಒಬ್ಬಳೇ, ಆ ತಾಯಿಗೋ ಸಣ್ಣ ಕೆಮ್ಮು. ಕೆಮ್ಮಿದ್ದವರನ್ನು ವರದಿ ಬಾರದೆ ವಾರ್ಡಿನೊಳಗೆ ಬಿಡುತ್ತಿರಲಿಲ್ಲ.

"ಹೊಲದಾಗಿನ ಧೂಳಿನ ಕೆಮ್ಮವ್ವಾ ಇದು. ಆಕಿಗೆ ಕೂಸು ಹಿಡಕಳ್ಳಾಕ ಬರಂಗಿಲ್ಲ. ಅದು ಅಳಾದು ಇಲ್ಲಿಗೂ ಕೇಳತೈತಿ. ನೀನೂ ಹೆಣ್ಣಲ್ಲೇನು? ಇಲ್ಲ ಅಂತ ಬರಿ."

ಅಮೃತಾಳ ಮನಸ್ಸು ಕರಗಿತು. ಬರೆದುಬಿಟ್ಟರೆ ಯಾರು ಕೇಳುತ್ತಾರೆ ಎಂದೂ ಅನ್ನಿಸಿತು. ಆದರೆ ಅವಳ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತ್ತು. ಅದೇ ಯಂತ್ರ, ಅದೇ ಕಿಟ್. ಇವಳ ಹಿಂದಿನವರದು ಸರಿಯಾಗಿ ಬಂತು, ಮುಂದಿನವರದೂ ಬಂತು. ಈ ಹೆಂಗಸಿನ ಗಂಟಲಲ್ಲಿ ಮಾತ್ರ ಅಂಥದ್ದೇನಿದೆ?

"ಏನಾರ ತಿಂದಿದ್ರೇನಮ್ಮಾ?"

"ಏನೂ ಇಲ್ಲ."

"ಎಲಿ, ಅಡಿಕಿ?"

"ನೀರು ಸೈತ ಕುಡಿದಿಲ್ಲ. ಮೈಲಾರಲಿಂಗನ ಆಣಿ."

ಆಣೆ ಇಟ್ಟ ಮೇಲೆ ಕೇಳುವುದೇನು? ಎರಡು ಸಲವೂ ಉದ್ದ ಸಾಲಿನ ಗಡಿಬಿಡಿಯಲ್ಲಿ ದ್ರವ ತೆಗೆದುಕೊಟ್ಟವರು ಹೊರಗಿನ ಟೆಂಟಿನ ಸಿಸ್ಟರ್. ಈ ಸಲ ತಾನೇ ತೆಗೆಯೋಣವೆಂದು ಅಮೃತಾ ಹೊಸ ಕಡ್ಡಿ ಹಿಡಿದು ಹೊರಬಂದಳು. ದ್ಯಾಮಕ್ಕ ಸ್ಟೂಲಿನ ಮೇಲೆ ಕೂತು, ಸೊಂಟದಿಂದ ಸಣ್ಣ ಸಂಚಿ ತೆಗೆದಳು. ಕಣ್ಣು ಮುಚ್ಚಿ, "ಏಳುಕೋಟಿಗೋ" ಎಂದು ಮೈಲಾರಲಿಂಗನ ಹೆಸರಲ್ಲಿ ಗೊಣಗಿ, ಚಿಟಿಕೆ ಅರಿಷಿಣದ ಪುಡಿಯನ್ನು ಹಣೆಗೆ ಹಚ್ಚಿ, ಉಳಿದದ್ದನ್ನು ನಾಲಿಗೆಗೆ ಹಾಕಿಕೊಂಡು ಬಾಯಿ ತೆರೆದಳು. ಒಳಗೆಲ್ಲ ಹಳದಿಯೋ ಹಳದಿ.

"ಯಮ್ಮಾ! ಏನೂ ತಿಂದಿಲ್ಲ ಅಂದ್ರಿ?"

"ತಿಂದಿಲ್ಲಲ್ಲ."

"ಮತ್ತಿದು?"

"ಇದು ಮೈಲಾರಸ್ವಾಮಿ ಭಂಡಾರವ್ವಾ! ತಿನ್ನಾದೇನಿದು? ಕಡ್ಡಿ ಹಾಕ್ತಾರಂದ್ರ ಎದಿ ಢವ ಢವ ಅಂತೈತಿ. ಅದಕ ಸ್ವಾಮಿನ್ನ ನೆನಸಿ ಹಚ್ಚಿಕೊಂಡೆ."

"ಆಗಿನ ಎರಡು ಸಲಾನೂ?"

"ಹಚ್ಚಿಕೊಳ್ಳದ ಹೆಂಗ?"

ಅಮೃತಾಳಿಗೆ ಕುಣಿಯುವಷ್ಟು ಖುಷಿಯಾಯಿತು. "ಮಷೀನು ಬೆಳಕು ನೋಡಿ ಹೇಳತೈತಮ್ಮಾ. ಅರಿಷಿಣ ಅದರ ಕಣ್ಣು ಕಟ್ಟಿರಬೇಕು. ಖರೇನೋ ಸುಳ್ಳೋ, ನೋಡೂಣು. ಬಾಯಿ ತೊಳಕೊಂಡು ಬರ್ರಿ."

"ಸ್ವಾಮಿ ಭಂಡಾರ ಉಗುಳಬೇಕಾ?" ದ್ಯಾಮಕ್ಕನ ಮುಖ ಸಣ್ಣಗಾಯಿತು. ಒಳಗಿಂದ ಕೂಸಿನ ಅಳು ಕೇಳಿತು. ಅವಳು ನಲ್ಲಿಯ ಹತ್ತಿರ ಹೋಗಿ ನೀರನ್ನು ಗಂಟಲಲ್ಲಿ ಗಳಗಳ ಆಡಿಸಿದಳು, ಆದರೆ ಒಂದು ಹನಿಯನ್ನೂ ಉಗುಳದೆ ನುಂಗಿದಳು. ಬಾಯಿಯ ಹಳದಿ ಹೋಗುವವರೆಗೂ ಹಾಗೇ ಮಾಡಿದಳು. ಸ್ವಲ್ಪ ಹೊತ್ತು ಬಿಟ್ಟು ಅಮೃತಾ ದ್ರವ ತೆಗೆದಳು.

ಈ ಸಲ ಯಂತ್ರ ಅನುಮಾನಿಸಲಿಲ್ಲ. ಪಾಸಿಟಿವ್. ಇಷ್ಟೊತ್ತು ಉತ್ತರಕ್ಕಾಗಿ ಹಾತೊರೆದಿದ್ದ ಅಮೃತಾಳಿಗೆ ಈಗ ಅದು ಬೇಡವಾಗಿತ್ತು. ಭಾರವಾದ ಮನಸ್ಸಿನಿಂದಲೇ ಕಿಟಕಿಗೆ ಬಂದಳು.

"ಗೊತ್ತಾತೇನವ್ವಾ?"

"ಗೊತ್ತಾತಮ್ಮಾ. ಐತಿ."

ದ್ಯಾಮಕ್ಕ ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. "ನೀ ಇಲ್ಲ ಅಂತ ಬರದುಕೊಟ್ಟಿದ್ರ ಇಷ್ಟೊತ್ತಿಗೆ ಆ ಕೂಸು ಈ ಕೈಯಾಗ ಇರತಿತ್ತು," ಎಂದವಳು ಕಿಟಕಿಯಿಂದ ತಾನಾಗಿಯೇ ದೂರ ಸರಿದಳು.

ಅವಳನ್ನು ಕೋವಿಡ್ ವಾರ್ಡಿಗೆ ಕರೆದೊಯ್ಯಲು ಇನ್ನೂ ಯಾರೂ ಬಂದಿರಲಿಲ್ಲ. ಹೆರಿಗೆ ವಾರ್ಡಿನ ಹಿಂದೆ, ಕಾಂಪೌಂಡ್ ಗೋಡೆಗೆ ಬೆನ್ನು ಹಚ್ಚಿ ಅವಳು ಕೂತಳು. ಅಮೃತಾ ಹೇಳಿಕಳಿಸಿದ ಮೇಲೆ ಗೀತಾ ಒಳಗಿಂದ ಎದುರಿನ ಮುಚ್ಚಿದ ಗಾಜಿನ ಕಿಟಕಿಯ ಹತ್ತಿರ ಬಂದಳು. ತೋಳಲ್ಲಿ ಕೂಸು ಕೆಂಪಗಾಗಿ ಅರಚುತ್ತಿತ್ತು. ದ್ಯಾಮಕ್ಕ ಚೀಲದಿಂದ ಚಾದರ ತೆಗೆದು, ಕೂಸಿನ ಹಾಗೆ ಸುತ್ತಿ, ಮಡಿಲಲ್ಲಿ ಮಲಗಿಸಿಕೊಂಡಳು.

"ತಲಿ ಮ್ಯಾಲ ಮಾಡ್ಲೇ! ಮಣಕೈ ಮ್ಯಾಲ, ಹಿಂಗ! ಹೊಟ್ಟಿ ನಿನ್ನ ಹೊಟ್ಟಿಗೆ ಹತ್ತಬೇಕು!"

ಗೀತಾಳಿಗೆ ಮಾತು ಕೇಳಿತೋ ಇಲ್ಲವೋ, ತಾಯಿಯ ಕೈಗಳನ್ನು ನೋಡುತ್ತ ಅವಳೂ ಮಣಕೈ ಎತ್ತಿದಳು, ಕೂಸನ್ನು ತನ್ನತ್ತ ಹೊರಳಿಸಿದಳು, ಸೆರಗು ಸರಿಸಿದಳು.

ಗಾಜಿನಾಚೆ ಅಳು ನಿಂತಿತು. ಎಷ್ಟೋ ಹೊತ್ತಾದರೂ ದ್ಯಾಮಕ್ಕ ಮಡಿಲಿನ ಚಾದರವನ್ನು ಕೆಳಗಿಡಲಿಲ್ಲ.